ಉಬ್ಬಸದ ಎದೆಯೊಳಗೆ ಸ್ಕ್ಯಾನ್ ಕಂಡದ್ದು

ನನ್ನ ಅಕ್ಕನಿಗೆ ಉಬ್ಬಸ ಹಿಡಿದು ಮೂವತ್ತು ವರ್ಷಗಳ ಮೇಲಾಯಿತು. ಮಾಣಿ ಪೇಟೆಯಿಂದ ಎರಡು ಮೈಲಿ ಒಳಗಿರುವ ಆಕೆಯ ಮನೆಯಲ್ಲಿ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಆಕೆಗೆ ರಾತ್ರಿ ನಿದ್ರೆಯಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕುಳಿತೇ ಬೆಳಗು ಮಾಡುವುದು ಆಕೆಗೂ, ಆಕೆಯ ಏದುಸಿರನ್ನು ಕೇಳಿಯೂ ಕೇಳದಂತೆ ಮಲಗಿರುವುದು ಮನೆಮಂದಿಗೂ ರೂಢಿಯಾಗಿಹೋಗಿತ್ತು. 2016ರಲ್ಲಿ ಕೆಮ್ಮು ಹೆಚ್ಚಾಗಿ, ತೂಕ ಇಳಿದು, ಸಂಜೆಯ ಹೊತ್ತು ಸಣ್ಣಗೆ ಜ್ವರ ಕಾಣಿಸಿಕೊಂಡಾಗ ಒಂದು ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ತೆಗೆದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡದಂಥ ನೆರಳೊಂದು ಕಂಡಿತು. ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ನೆರಳಿದೆಯಲ್ಲ ಎಂದು ಕ್ಷಯದ ಔಷಧಿ ಆರಂಭವಾಯಿತು.

ಆರು ತಿಂಗಳ ಕಾಲ ಆಕೆ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ಹಸಿವು ಹೋಯಿತು, ಕಾಲು ಜುಮುಗುಟ್ಟಲು ತೊಡಗಿತು, ಉಬ್ಬಸ ಇದ್ದಂತೆಯೇ ಇತ್ತು. ಕೊನೆಯಲ್ಲಿ ಇನ್ನೊಂದು ಎಕ್ಸ್-ರೇ ತೆಗೆದಾಗ ಬಲಗಡೆಯ ನೆರಳು ಕರಗಿತ್ತು, ಎಡಗಡೆಯಲ್ಲಿ ಹೊಸತೊಂದು ಮೂಡಿತ್ತು. ಔಷಧಿಗೆ ಬಗ್ಗದ ಕ್ಷಯವಿರಬಹುದೆಂಬ ಮಾತು ಬಂತು. ಮನೆಯಲ್ಲಿ ಆಕೆಯ ತಟ್ಟೆ, ಲೋಟಗಳು ಬೇರೆಯಾದವು. ಮೊಮ್ಮಕ್ಕಳು ದೂರ ಸರಿದರು. ಇವೆಲ್ಲವನ್ನೂ ಕಂಡೂ ನಾನು ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವೈದ್ಯರು ಹೇಳಿದ ಮೇಲೆ ಮರುಪ್ರಶ್ನೆ ಏನು ಎಂಬ ಭಾವನೆ ನನ್ನಂಥ ಓದಿದವರಲ್ಲಿಯೂ ಗಟ್ಟಿಯಾಗಿಯೇ ಇದೆ.

2018ರಲ್ಲಿ ಮಂಗಳೂರಿನ ಶ್ವಾಸಕೋಶ ತಜ್ಞರೊಬ್ಬರಲ್ಲಿಗೆ ಆಕೆಯನ್ನು ಕರೆದೊಯ್ದೆ. ಅವರು ಕಡತ ನೋಡುವ ಮೊದಲು ಕೇಳಿದ ಪ್ರಶ್ನೆ ತೀರ ಸರಳವಾಗಿತ್ತು: ‘ಅಮ್ಮಾ, ಕಫದ ಬಣ್ಣ ಯಾವುದು?’ ಅಕ್ಕ ತಡಮಾಡಲಿಲ್ಲ. ‘ಕಂದು. ಹಳೆಯ ಬೆಲ್ಲದ ಚೂರಿನ ಹಾಗೆ ಗಟ್ಟಿ. ಅದು ಬಿದ್ದ ದಿನ ಉಸಿರು ಹಗುರ.’ ಎರಡು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಕೇಳದ್ದನ್ನು ಆಕೆ ಹೇಳಿರಲಿಲ್ಲ. ವೈದ್ಯರು ರಕ್ತದ ಎರಡು ಪರೀಕ್ಷೆ ಬರೆದರು, ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಕಂಡದ್ದು ಕ್ಷಯವಲ್ಲ. ಶ್ವಾಸಕೋಶದ ನಡುಭಾಗದ ನಾಳಗಳು ಹಿಗ್ಗಿ ಉಂಗುರದಂತಾಗಿದ್ದವು. ಕೆಲವು ನಾಳಗಳಲ್ಲಿ ಕಫ ಹೆಪ್ಪುಗಟ್ಟಿ ಬಿರಡೆಯಂತೆ ಕುಳಿತಿತ್ತು. ಆ ಕಫ ಪಕ್ಕದ ಮಾಂಸಖಂಡಕ್ಕಿಂತಲೂ ಬಿಳುಪಾಗಿ, ಅಂದರೆ ಅದಕ್ಕಿಂತ ಸಾಂದ್ರವಾಗಿ ಕಾಣುತ್ತಿತ್ತು.

ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ವೈದ್ಯರು ವಿವರಿಸಿದ್ದು ಸುಮಾರು ಐದು ನಿಮಿಷ. ಅರ್ಥಶಾಸ್ತ್ರ ಓದಿ ಸರಕಾರಿ ಕಡತಗಳ ನಡುವೆ ಬದುಕು ಕಳೆದ ನನಗೆ ಅದರ ಮಹತ್ವ ತಿಳಿಯಲು ಮುಂದೆ ಬಹಳ ದಿನ ಓದಬೇಕಾಯಿತು. ಹಾಗೆ ಓದಿ ತಿಳಿದುದನ್ನು, ನಮ್ಮ ಸೀಮೆಯ ಅನೇಕ ಮನೆಗಳಿಗೆ ಸಂಬಂಧಿಸಿದ್ದೆಂಬ ಕಾರಣಕ್ಕೆ, ಇಲ್ಲಿ ಬರೆಯುತ್ತಿದ್ದೇನೆ.

ಉಬ್ಬಸವೆಂದರೆ ಶ್ವಾಸನಾಳ ಕಿರಿದಾಗುವುದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಿರಿದಾಗುವ ಬಗೆ ಒಂದೇ ಅಲ್ಲ. ನಾಳವನ್ನು ಸುತ್ತುವರಿದ ಸ್ನಾಯು ಬಿಗಿಯಬಹುದು. ನಾಳದ ಗೋಡೆ ಊದಿಕೊಂಡು, ಕಾಲಕ್ರಮದಲ್ಲಿ ದಪ್ಪಗಾಗಬಹುದು. ನಾಳದೊಳಗೆ ಕಫ ಕಟ್ಟಿಕೊಳ್ಳಬಹುದು. ಮೊದಲನೆಯದಕ್ಕೆ ನೀಲಿ ಬಣ್ಣದ ಇನ್‌ಹೇಲರ್ ನಿಮಿಷಗಳಲ್ಲಿ ಪರಿಹಾರ ಕೊಡುತ್ತದೆ, ಉಳಿದೆರಡಕ್ಕೆ ಕೊಡುವುದಿಲ್ಲ. ನಳಿಗೆಯಲ್ಲಿ ಹರಿಯುವ ಗಾಳಿಗೆ ಎದುರಾಗುವ ತಡೆ ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ತ್ರಿಜ್ಯ ಅರ್ಧಕ್ಕಿಳಿದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು. ಮಿಲಿಮೀಟರಿನ ಸಣ್ಣ ಪಾಲು ಊತವೂ ಮನುಷ್ಯನನ್ನು ಜಗಲಿಯ ಕಂಬಕ್ಕೆ ಒರಗಿಸುವುದು ಈ ಲೆಕ್ಕದಿಂದಲೇ.

ಉಬ್ಬಸದಿಂದ ಸತ್ತವರ ಶ್ವಾಸನಾಳದ ಗೋಡೆ ದಪ್ಪಗಾಗಿರುತ್ತದೆ, ನಾಳಗಳಲ್ಲಿ ಅಂಟಾದ ಕಫ ತುಂಬಿರುತ್ತದೆ ಎಂಬುದನ್ನು ಹ್ಯೂಬರ್ ಮತ್ತು ಕೆಸ್ಲರ್ ಎಂಬ ವೈದ್ಯರು 1922ರಷ್ಟು ಹಿಂದೆಯೇ ಬರೆದಿದ್ದರು. ಆದರೆ ಅದು ಶವಪರೀಕ್ಷೆಯ ಜ್ಞಾನವಾಗಿತ್ತು. ಬದುಕಿರುವ ರೋಗಿಯ ವಿಷಯದಲ್ಲಿ, ಉಬ್ಬಸ ಬಂದು ಹೋಗುವ ಕಾಯಿಲೆ, ಬಿಗಿತ ಸಡಿಲವಾದರೆ ನಾಳ ಮೊದಲಿನಂತಾಗುತ್ತದೆ ಎಂಬ ನಂಬಿಕೆಯೇ ಬಹುಕಾಲ ನಡೆಯಿತು. ಬಹುಪಾಲು ರೋಗಿಗಳಲ್ಲಿ ಅದು ನಿಜವೂ ಹೌದು. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಬರುವ ತೀವ್ರ ಉಬ್ಬಸದಲ್ಲಿ, ಅಂದರೆ ಹೆಚ್ಚಿನ ಪ್ರಮಾಣದ ಔಷಧಿಗೂ ಹತೋಟಿಗೆ ಬಾರದ ಉಬ್ಬಸದಲ್ಲಿ, ಅದು ಎಷ್ಟು ನಿಜ ಎಂಬುದನ್ನು ನೋಡಲು ಬದುಕಿರುವವರ ಎದೆಯೊಳಗೆ ಇಣುಕುವ ಸಾಧನ ಬೇಕಿತ್ತು.

ಆ ಸಾಧನ 1971ರಲ್ಲಿ ಬಂತು. ಆ ವರ್ಷದ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಚಿತ್ರ ತೆಗೆಯಿತು. 1979ರಲ್ಲಿ ಅವರಿಗೂ ಆಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ನಮ್ಮವರು ಮರೆಯಬಾರದ ಸಂಗತಿಯೊಂದು ಇಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಡಗೂಡಿ ಅದೇ 1971ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಲವು ಕೋನಗಳಿಂದ ತೆಗೆದ ಕ್ಷ-ಕಿರಣದ ನೆರಳುಗಳಿಂದ ವಸ್ತುವಿನ ಒಳರೂಪವನ್ನು ಗಣಿತದ ಮೂಲಕ ಬೇಗನೆ ಮರುರೂಪಿಸುವ ವಿಧಾನ ಅದರಲ್ಲಿತ್ತು. ಆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ರಾಮ್-ಲಾಕ್’ ಎಂದು ಕರೆಯುವ ಗಣಿತದ ಶೋಧಕವನ್ನು ಸಿ.ಟಿ. ಕಲಿಯುವ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ ಮಾಡುತ್ತಾರೆ. ತಾಲ್ಲೂಕು ಕೇಂದ್ರಗಳವರೆಗೂ ಬಂದಿರುವ ಯಂತ್ರದ ಹಿಂದಿನ ಗಣಿತದಲ್ಲಿ ಬೆಂಗಳೂರಿನ ಪಾಲೂ ಇದೆ ಎಂಬುದನ್ನು ತಿಳಿದಾಗ ನನಗೆ ಸಂತೋಷವಾಯಿತು, ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ನಾಚಿಕೆಯೂ ಆಯಿತು.

ಸಿ.ಟಿ. ಯಂತ್ರ ದೇಹದ ಪ್ರತಿಯೊಂದು ಚುಕ್ಕೆಗೂ ಸಾಂದ್ರತೆಯ ಅಂಕ ಕೊಡುತ್ತದೆ. ಅದಕ್ಕೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಸಾಮಾನ್ಯ ಕಫ ನೀರಿಗೆ ಹತ್ತಿರ, ಮಾಂಸಖಂಡ ಅದಕ್ಕಿಂತ ಸ್ವಲ್ಪ ಮೇಲೆ. ಹೀಗಾಗಿ ಎಕ್ಸ್-ರೇಯಲ್ಲಿ ಒಂದೇ ನೆರಳಾಗಿ ಕಾಣುವುದು ಸಿ.ಟಿ.ಯಲ್ಲಿ ಗೋಡೆ ಯಾವುದು, ಗಾಳಿ ಯಾವುದು, ಕಫ ಯಾವುದು ಎಂದು ಬಿಡಿಬಿಡಿಯಾಗುತ್ತದೆ. ಗೋಡೆಯ ದಪ್ಪವನ್ನು ಗಣಕಯಂತ್ರದಿಂದ ಅಳೆಯಬಹುದು.

ಆದರೆ ಸಿ.ಟಿ.ಗೂ ಮಿತಿಯಿದೆ. ನಮ್ಮ ಶ್ವಾಸನಾಳ ಗಂಟಲಿನಿಂದ ಹೊರಟು ಸುಮಾರು 23 ಬಾರಿ ಕವಲೊಡೆದು ಗಾಳಿಗೂಡುಗಳನ್ನು ತಲುಪುತ್ತದೆ. ಎರಡು ಮಿಲಿಮೀಟರಿಗಿಂತ ಸಣ್ಣ ಕವಲುಗಳು ಸಿ.ಟಿ.ಗೆ ನೇರವಾಗಿ ಕಾಣುವುದಿಲ್ಲ. ನಮ್ಮ ಮಾಣಿಯಲ್ಲಿ ನಿಂತು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಯ ಮೇಲೆ ಮೈಸೂರಿಗೆ ಹೋಗುವ ರಸ್ತೆ ಕವಲೊಡೆಯುವುದು ಇಲ್ಲಿಯೇ. ಕಲ್ಲಡ್ಕದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಅರ್ಧ ಗಂಟೆಯಲ್ಲಿ ಜಿಲ್ಲೆಗೇ ತಿಳಿಯುತ್ತದೆ. ಒಳಗಿನ ಹತ್ತು ಮನೆಗಳ ಮಣ್ಣುದಾರಿ ಗುಡ್ಡ ಜರಿದು ಮುಚ್ಚಿದರೆ ಹೆದ್ದಾರಿಯಲ್ಲಿ ನಿಂತವನಿಗೆ ಅದರ ಸುಳಿವೂ ಇಲ್ಲ. ಸಣ್ಣ ಶ್ವಾಸನಾಳಗಳ ಕತೆಯೂ ಇದೇ. ಊದಿ ನೋಡುವ ಪರೀಕ್ಷೆಯಲ್ಲಿ ಅವುಗಳ ತೊಂದರೆ ತಡವಾಗಿ ಕಾಣುತ್ತದೆ. ಆದುದರಿಂದ ಅಮೆರಿಕದ ಮೀಡ್ ಎಂಬ ವಿಜ್ಞಾನಿ 1970ರಲ್ಲಿಯೇ ಅವುಗಳನ್ನು ಶ್ವಾಸಕೋಶದ ‘ಮೌನ ವಲಯ’ ಎಂದು ಕರೆದಿದ್ದರು. ಈಗ ವೈದ್ಯರು ಉಸಿರು ಪೂರ್ತಿ ಹೊರಬಿಟ್ಟ ಮೇಲೆ ಇನ್ನೊಂದು ಸ್ಕ್ಯಾನ್ ತೆಗೆಯುತ್ತಾರೆ. ಗಾಳಿ ಹೊರಬಾರದೆ ಸಿಕ್ಕಿಬಿದ್ದ ಭಾಗಗಳು ಆಗಲೂ ಕಪ್ಪಾಗಿಯೇ ಉಳಿಯುತ್ತವೆ. ದಾರಿ ಕಾಣದಿದ್ದರೂ ಹೊರಬರಲಾರದ ಮನೆಗಳು ಯಾವುವೆಂದು ತಿಳಿಯುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹಣಕಾಸಿನಲ್ಲಿ 2001ರಿಂದ ನಡೆದ ತೀವ್ರ ಉಬ್ಬಸ ಸಂಶೋಧನಾ ಯೋಜನೆಯ ಒಂದು ಅಧ್ಯಯನ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರಿತು. ಎಲಿನರ್ ಡನಿಕನ್, ಜಾನ್ ಫಾಹಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವದು. 146 ಉಬ್ಬಸ ರೋಗಿಗಳ ಸ್ಕ್ಯಾನುಗಳನ್ನು ಅವರು ಆರೋಗ್ಯವಂತರ ಸ್ಕ್ಯಾನುಗಳೊಂದಿಗೆ ಹೋಲಿಸಿ ನೋಡಿದರು. ಶ್ವಾಸಕೋಶವನ್ನು 20 ಭಾಗಗಳಾಗಿ ಎಣಿಸಿ, ಬಿರಡೆಯಿರುವ ಪ್ರತಿ ಭಾಗಕ್ಕೂ ಒಂದು ಅಂಕ ಕೊಟ್ಟರು. ಇದಕ್ಕೆ ಕಷ್ಟದ ಗಣಿತವೇನೂ ಬೇಕಿಲ್ಲ, ಬೇಕಾದುದು ಕಣ್ಣು ಮತ್ತು ತಾಳ್ಮೆ. ಉಬ್ಬಸ ರೋಗಿಗಳಲ್ಲಿ ಶೇ. 58 ಮಂದಿಯ ಎದೆಯಲ್ಲಿ ಕನಿಷ್ಠ ಒಂದು ಬಿರಡೆ ಸಿಕ್ಕಿತು. ಆರೋಗ್ಯವಂತರಲ್ಲಿ ಸಿಕ್ಕಿದ್ದು ಶೇ. 4.5ರಲ್ಲಿ ಮಾತ್ರ. ಬಿರಡೆಗಳ ಅಂಕ ಹೆಚ್ಚಿದಷ್ಟೂ ಊದುವ ಶಕ್ತಿ ಕುಗ್ಗಿತ್ತು.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಸಂಗತಿಯೆಂದರೆ, ವರ್ಷಗಳ ನಂತರ ಅದೇ ರೋಗಿಗಳನ್ನು ಮತ್ತೆ ಸ್ಕ್ಯಾನ್ ಮಾಡಿದಾಗ ಬಿರಡೆಗಳು ಬಹುಮಟ್ಟಿಗೆ ಅವೇ ಭಾಗಗಳಲ್ಲಿ ಇದ್ದುದು. ಬಂದು ಹೋಗುವ ಕಾಯಿಲೆಯೊಳಗೆ ಬಂದು ಕುಳಿತು ಹೋಗದೆ ಉಳಿದದ್ದು ಇದು. ಕಫ ಬರುತ್ತದೆಂದು ಹೇಳಿಕೊಳ್ಳದವರ ಎದೆಯಲ್ಲಿಯೂ ಅದು ಇರಬಲ್ಲದು. ಕೆಮ್ಮಿ ಹೊರಹಾಕಲಾಗದಷ್ಟು ಗಟ್ಟಿಯಾದ ಕಫವನ್ನು ರೋಗಿ ಕಫವೆಂದು ಲೆಕ್ಕ ಹಿಡಿಯುವುದಾದರೂ ಹೇಗೆ? ಅಲರ್ಜಿಯ ಸಂದರ್ಭದಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಕಫವನ್ನು ಹೀಗೆ ಗಡುಸಾಗಿಸುತ್ತವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಆ ಕಣಗಳನ್ನು ಅಥವಾ ಅವನ್ನು ಕೆರಳಿಸುವ ಸಂಕೇತಗಳನ್ನು ತಡೆಯುವ ಹೊಸ ಚುಚ್ಚುಮದ್ದುಗಳು ಬಿರಡೆಯನ್ನು ಕರಗಿಸಬಲ್ಲವೇ ಎಂಬುದನ್ನು ನೋಡಲು ಸ್ಕ್ಯಾನೇ ಈಗ ಅಳತೆಗೋಲಾಗಿದೆ. ಟೆಝೆಪೆಲುಮ್ಯಾಬ್ ಎಂಬ ಚುಚ್ಚುಮದ್ದು ಬಿರಡೆಗಳ ಅಂಕವನ್ನು ತಗ್ಗಿಸಿದ್ದು 2023ರಲ್ಲಿ ವರದಿಯಾಯಿತು.

ಇನ್ನೊಂದು ವಿಧಾನದಲ್ಲಿ ಕ್ಷ-ಕಿರಣದ ಗೊಡವೆಯೇ ಇಲ್ಲ. ಲೇಸರ್ ಬೆಳಕಿನ ನೆರವಿನಿಂದ ವಿಶೇಷವಾಗಿ ಸಿದ್ಧಪಡಿಸಿದ ಝೀನಾನ್ ಅನಿಲವನ್ನು ರೋಗಿ ಒಳಗೆಳೆದುಕೊಂಡು ಕೆಲವು ಸೆಕೆಂಡು ಉಸಿರು ಹಿಡಿದರೆ ಎಂ.ಆರ್.ಐ. ಯಂತ್ರ ಆ ಅನಿಲ ತಲುಪಿದ ಜಾಗವನ್ನೆಲ್ಲ ಬೆಳಗಿಸಿ ತೋರಿಸುತ್ತದೆ, ತಲುಪದ ಜಾಗ ಕತ್ತಲೆ. ಇಂಥ ಮೊದಲ ಚಿತ್ರ 1994ರಲ್ಲಿ ಇಲಿಯ ಶ್ವಾಸಕೋಶದ್ದು. ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗ್ರೇಸ್ ಪರಾಗಾ ಅವರ ತಂಡ ಉಬ್ಬಸ ರೋಗಿಗಳಲ್ಲಿ ಇದನ್ನು ವರ್ಷಗಟ್ಟಲೆ ಬಳಸಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಊರಿನ ರೋಗಿಗೆ ಇದು ಸದ್ಯಕ್ಕೆ ದೂರದ ಮಾತು.

ಮತ್ತೆ ನಮ್ಮ ಊರಿಗೆ, ಅಕ್ಕನ ಸ್ಕ್ಯಾನಿಗೆ ಬರುತ್ತೇನೆ. ಆಕೆಗಿದ್ದುದು ಆಸ್ಪರ್ಜಿಲಸ್ ಎಂಬ ಶಿಲೀಂಧ್ರಕ್ಕೆ ಶ್ವಾಸಕೋಶ ತೋರಿಸುವ ಅಲರ್ಜಿ. ವೈದ್ಯರು ಎಬಿಪಿಎ ಎಂದು ಕರೆಯುವ ಈ ಕಾಯಿಲೆಯನ್ನು 1952ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವಿವರಿಸಿದರು. ಶಿಲೀಂಧ್ರವೆಂದರೆ ನಮಗೆ ಹೊಸತಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿಗೆ, ಪುಸ್ತಕದ ಬೆನ್ನಿಗೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯದ ಮನೆ ಯಾವುದಿದೆ? ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬಗೆಗೆ ಕೊಳೆಯುವ ಸೊಪ್ಪುಸದೆಯ ಬಿಸಿ ಬಹಳ ಹಿತ. ಗೊಬ್ಬರದ ಗುಂಡಿಯನ್ನು ಕೆದಕಿದಾಗ, ಹಟ್ಟಿಗೆ ಹಾಸುವ ತರಗೆಲೆಯನ್ನು ಕೊಡವಿದಾಗ, ತೇವ ಹಿಡಿದ ಬೈಹುಲ್ಲನ್ನು ಎಳೆದಾಗ ಅದರ ಬೀಜಕಣಗಳು ಗಾಳಿಗೆ ಏಳುತ್ತವೆ. ಬಹುಪಾಲು ಜನ ಅವುಗಳನ್ನು ಉಸಿರಾಡಿ ಮರೆಯುತ್ತಾರೆ. ಉಬ್ಬಸವಿರುವ ಕೆಲವರ ಕಫದಲ್ಲಿ ಅವು ನೆಲೆಯೂರುತ್ತವೆ. ದೇಹ ಅವುಗಳ ಮೇಲೆ ಸಾರುವ ಯುದ್ಧದಲ್ಲಿ ಕೆಡುವುದು ಶ್ವಾಸನಾಳ.

ಈ ಕಾಯಿಲೆಯ ಅಧ್ಯಯನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವವರು ಭಾರತದವರೇ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ರಿತೇಶ್ ಅಗರ್‌ವಾಲ್ ಮತ್ತು ಸಂಗಡಿಗರು, ಸ್ಕ್ಯಾನಿನಲ್ಲಿ ಮಾಂಸಖಂಡಕ್ಕಿಂತ ಬಿಳುಪಾಗಿ ಕಾಣುವ ಕಫವಿರುವ ರೋಗಿಗಳಲ್ಲಿ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತದೆಂದು 2007ರಲ್ಲಿ ತೋರಿಸಿಕೊಟ್ಟರು. ಉಬ್ಬಸದ ರೋಗಿಯಲ್ಲಿ ಅಂಥ ಕಫ ಕಂಡರೆ ಎಬಿಪಿಎ ಎಂದೇ ಬಹುತೇಕ ಖಚಿತವಾಗಿ ಹೇಳಬಹುದು. ಭಾರತದಲ್ಲಿ ಈ ಕಾಯಿಲೆಯವರು ಸುಮಾರು 14 ಲಕ್ಷ ಇರಬಹುದೆಂದು 2014ರಲ್ಲಿ ಅವರೇ ಅಂದಾಜು ಮಾಡಿದರು. ಅಂದಾಜು ಅಂದಾಜೇ, ಲೆಕ್ಕಾಚಾರದ ಹಾದಿಯಲ್ಲಿ ಅದು ಇಳಿಯಬಹುದು, ಏರಬಹುದು. ಆದರೆ ಹೀಗೆ ಪತ್ತೆಯಾದವರಲ್ಲಿ ಗಣನೀಯ ಪಾಲು ಅದಕ್ಕೆ ಮೊದಲು ಕ್ಷಯದ ಔಷಧಿ ತಿಂದವರು ಎಂಬುದು ಭಾರತದ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಅಕ್ಕನ ಅನುಭವ ಅಪರೂಪದ್ದಲ್ಲ.

ಇದಕ್ಕೆ ಆ ಆಸ್ಪತ್ರೆಯವರನ್ನು ದೂರುವುದು ಸುಲಭ. ಜಗತ್ತಿನ ಕ್ಷಯ ರೋಗಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಭಾರತದಲ್ಲಿದ್ದಾರೆ. ಕೆಮ್ಮು, ಜ್ವರ, ತೂಕ ಇಳಿತ, ಮೇಲ್ಭಾಗದ ನೆರಳು ಇಷ್ಟು ಸೇರಿದಾಗ ಕ್ಷಯವನ್ನು ನೆನೆಯದ ವೈದ್ಯನೇ ತಪ್ಪಿತಸ್ಥ. ಎಬಿಪಿಎಗೆ ಕೊಡುವ ಸ್ಟಿರಾಯ್ಡನ್ನು ಕ್ಷಯವಿರುವವರಿಗೆ ಹಾಗೆಯೇ ಕೊಟ್ಟರೆ ಅಪಾಯವೆಂಬ ಹೆದರಿಕೆಯೂ ನ್ಯಾಯವಾದದ್ದೇ. ಮೊದಲ ಅನುಮಾನದಲ್ಲಿ ತಪ್ಪಿರಲಿಲ್ಲ. ಕಫದಲ್ಲಿ ರೋಗಾಣು ಸಿಗದಿದ್ದರೂ, ಎರಡು ತಿಂಗಳಲ್ಲಿ ಗುಣ ಕಾಣದಿದ್ದರೂ, ನೆರಳು ಜಾಗ ಬದಲಿಸಿದರೂ ಆ ಅನುಮಾನವನ್ನು ಮತ್ತೆ ಪರೀಕ್ಷಿಸದೆ ಹೋದದ್ದು ತಪ್ಪು.

ಅದರಲ್ಲಿ ನನ್ನಂಥವರ ಪಾಲೂ ಇದೆ. ಸೇವೆಯಲ್ಲಿದ್ದಾಗ ಕ್ಷಯ ನಿಯಂತ್ರಣದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾನು ಅಧ್ಯಕ್ಷತೆ ವಹಿಸಿದ್ದುಂಟು. ಎಷ್ಟು ರೋಗಿಗಳನ್ನು ಪತ್ತೆ ಹಚ್ಚಿದಿರಿ, ಎಷ್ಟು ಮಂದಿ ಚಿಕಿತ್ಸೆ ಪೂರ್ಣಗೊಳಿಸಿದರು ಎಂದು ಗದರಿಸಿ ಕೇಳುತ್ತಿದ್ದೆವು. ಗುರಿ ಮುಟ್ಟದ ವೈದ್ಯಾಧಿಕಾರಿ ತಲೆತಗ್ಗಿಸಿ ನಿಲ್ಲುತ್ತಿದ್ದರು. ಚಿಕಿತ್ಸೆ ಆರಂಭಿಸಿದವರಲ್ಲಿ ಎಷ್ಟು ಮಂದಿಗೆ ಕ್ಷಯವೇ ಅಲ್ಲವೆಂದು ಆಮೇಲೆ ತಿಳಿಯಿತು ಎಂಬ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿದ ನೆನಪಿಲ್ಲ. ನಮ್ಮ ನಮೂನೆಯಲ್ಲಿ ಅದಕ್ಕೆ ಕಲಮೇ ಇರಲಿಲ್ಲ. ಮಾತ್ರೆಯನ್ನು ಪೂರ್ತಿ ನುಂಗಿದ ಅಕ್ಕ ಯಾವುದೋ ತಖ್ತೆಯಲ್ಲಿ ‘ಚಿಕಿತ್ಸೆ ಪೂರ್ಣ’ ಎಂಬ ಅಂಕಣದಲ್ಲಿ ಯಶಸ್ಸಾಗಿ ಸೇರಿಹೋಗಿರಬೇಕು.

ಹಾಗಾದರೆ ಉಬ್ಬಸವಿರುವ ಎಲ್ಲರಿಗೂ ಸ್ಕ್ಯಾನ್ ಮಾಡಿಸಿಬಿಡೋಣವೇ? ಈ ಪ್ರಶ್ನೆಯನ್ನು ಕೇಳಿದವರು ನನ್ನ ಪರಿಚಿತರಲ್ಲಿಯೇ ಹಲವರಿದ್ದಾರೆ. ಕೂಡದು ಎಂಬುದು ನನ್ನ ಉತ್ತರ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ವಿಕಿರಣ. ಎದೆಯ ಒಂದು ಎಕ್ಸ್-ರೇಯಿಂದ ದೇಹಕ್ಕೆ ತಗಲುವುದು ಸುಮಾರು 0.1 ಮಿಲಿಸೀವರ್ಟ್. ಸಾಮಾನ್ಯ ಸಿ.ಟಿ. ಸ್ಕ್ಯಾನಿನಿಂದ ಐದರಿಂದ ಏಳು. ಮಣ್ಣು, ಕಲ್ಲು, ಆಕಾಶದಿಂದ ಮನುಷ್ಯನಿಗೆ ವರ್ಷವೊಂದರಲ್ಲಿ ಸಹಜವಾಗಿ ತಗಲುವುದರ ಜಾಗತಿಕ ಸರಾಸರಿ 2.4. ಎಪ್ಪತ್ತರ ವಯಸ್ಸಿನವರಿಗೆ ಒಂದು ಸ್ಕ್ಯಾನಿನಿಂದ ಹೆದರಬೇಕಾದ್ದೇನೂ ಇಲ್ಲ. ಹತ್ತು ವರ್ಷದ ಮಗುವಿಗೆ ವರ್ಷಕ್ಕೊಮ್ಮೆ ಮಾಡಿಸುವುದು ಬೇರೆಯದೇ ಮಾತು. ಕಡಿಮೆ ವಿಕಿರಣದ ಸ್ಕ್ಯಾನುಗಳು ಬಂದಿವೆ. ಕೇಳಿ ಮಾಡಿಸಿಕೊಳ್ಳುವವರು ಕಡಿಮೆ.

ಎರಡನೆಯದು ಹಣದ ಮಾತು, ಅದು ನನ್ನ ಓದಿನ ವಿಷಯ. ಸಿ.ಟಿ. ಯಂತ್ರದಲ್ಲಿ ದೊಡ್ಡ ವೆಚ್ಚವೆಲ್ಲ ಕೊಳ್ಳುವಾಗಲೇ ಆಗಿಹೋಗುತ್ತದೆ, ಒಬ್ಬ ರೋಗಿ ಹೆಚ್ಚಾದರೆ ತಗಲುವುದು ಅತ್ಯಲ್ಪ. ಹೀಗಾಗಿ ಯಂತ್ರ ತಂದವರಿಗೆ ಅದನ್ನು ಬಿಡುವಿಲ್ಲದೆ ದುಡಿಸುವ ಆಸೆ ಸಹಜ, ಬ್ಯಾಂಕಿನ ಕಂತು ಕಾಯುವುದಿಲ್ಲವಲ್ಲ. ಇನ್‌ಹೇಲರಿನ ಅರ್ಥಶಾಸ್ತ್ರ ಇದಕ್ಕೆ ತಿರುಗುಮುರುಗು. ಅದನ್ನು ತಿಂಗಳು ತಿಂಗಳೂ ಕೊಳ್ಳಬೇಕು, ಪ್ರಯೋಜನ ನಿಧಾನವಾಗಿ ಕಾಣುತ್ತದೆ, ಕಲಿಸುವುದಕ್ಕೆ ವೈದ್ಯರು ಹತ್ತು ನಿಮಿಷ ಕೊಡಬೇಕು. ಆ ಹತ್ತು ನಿಮಿಷಕ್ಕೆ ಯಾರೂ ಬಿಲ್ಲು ಮಾಡುವುದಿಲ್ಲ. ರೋಗಿಗೂ ಯಂತ್ರದೊಳಗೆ ಮಲಗಿ ಎದ್ದರೆ ಏನೋ ಆಯಿತೆಂಬ ಸಮಾಧಾನ. ಪ್ರತಿ ಮೃಗಶಿರಾ ಮಳೆಯ ಆರಂಭಕ್ಕೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುವ ಸಾವಿರಾರು ಜನರನ್ನು ನಾವು ಲೇವಡಿ ಮಾಡುತ್ತೇವೆ. ಒಂದೇ ಸಲದಲ್ಲಿ ಮುಗಿಯಬೇಕೆಂಬ ಅವರ ಆಸೆಯೇ ಪೇಟೆಯವರಲ್ಲಿ ಸ್ಕ್ಯಾನಿನ ರೂಪ ತಾಳಿದೆ.

ಅಂಕಿಅಂಶಗಳು ಹೇಳುವುದೂ ಇದನ್ನೇ. ಮೈಸೂರೂ ಸೇರಿದಂತೆ ದೇಶದ 12 ಕೇಂದ್ರಗಳಲ್ಲಿ 1,69,575 ವಯಸ್ಕರನ್ನು ಕೇಳಿ ನಡೆಸಿದ, 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 2.05 ಮಂದಿಗೆ ಉಬ್ಬಸವಿತ್ತು. ಮಕ್ಕಳಲ್ಲಿ ಇದು ಹೆಚ್ಚು. ಬೆಂಗಳೂರಿನಲ್ಲಿ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿ, 1979ರಲ್ಲಿ ಶೇ. 9 ಇದ್ದ ಉಬ್ಬಸ 1999ಕ್ಕೆ ಶೇ. 29.5 ಆದುದನ್ನು ದಾಖಲಿಸಿದ್ದರು. ಜಾಗತಿಕ ರೋಗಭಾರದ 2019ರ ಲೆಕ್ಕದಂತೆ ಜಗತ್ತಿನ ಉಬ್ಬಸ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ. 13, ಉಬ್ಬಸದಿಂದಾಗುವ ಸಾವುಗಳಲ್ಲಿ ಭಾರತದ ಪಾಲು ಶೇ. 40ಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಕಂದರ ಸ್ಕ್ಯಾನ್ ಇಲ್ಲದ್ದರಿಂದ ಆದುದಲ್ಲ. ದಿನವೂ ಸೇದಬೇಕಾದ ಸ್ಟಿರಾಯ್ಡ್ ಇನ್‌ಹೇಲರನ್ನು ಸೇದುವವರು ತೀರ ಕಡಿಮೆ ಇರುವುದೇ ಅದಕ್ಕೆ ಮುಖ್ಯ ಕಾರಣ. ಇನ್‌ಹೇಲರ್ ಹಿಡಿದರೆ ಅದರ ದಾಸರಾಗುತ್ತೇವೆ ಎಂಬ ಮಾತನ್ನು ಮಾಣಿ ಪೇಟೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. ಅಕ್ಕನೂ ಅದನ್ನು ನಂಬಿ ಹತ್ತು ವರ್ಷ ಮಾತ್ರೆಯಲ್ಲಿಯೇ ಕಳೆದವಳು.

ನನ್ನ ದೃಷ್ಟಿಯಲ್ಲಿ ಆದ್ಯತೆ ಹೀಗಿರಬೇಕು. ಊದಿ ನೋಡುವ ಸ್ಪೈರೋಮೀಟರ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು, ಊದಿಸುವವರೂ ಇರಬೇಕು. ಸ್ಟಿರಾಯ್ಡ್ ಇನ್‌ಹೇಲರ್ ಅಲ್ಲಿ ವರ್ಷವಿಡೀ ಸಿಗಬೇಕು. ಸರಿಯಾಗಿ ಸೇದಿಯೂ ಹತೋಟಿಗೆ ಬಾರದವರಿಗೆ ಆಸ್ಪರ್ಜಿಲಸ್ ವಿರುದ್ಧದ ಐಜಿಇ ರಕ್ತಪರೀಕ್ಷೆ ಮೊದಲು ಆಗಬೇಕು. ಸ್ಕ್ಯಾನಿಗಿಂತ ಮೊದಲು ಮಾಡಬಹುದಾದ, ವಿಕಿರಣವಿಲ್ಲದ ಪರೀಕ್ಷೆಯದು. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಿದ್ಧಪಡಿಸುವಲ್ಲಿ ಮುಂದಾಳಾಗಿದ್ದವರು ಮೇಲೆ ಹೇಳಿದ ಅಗರ್‌ವಾಲ್ ಅವರೇ, ಅದೂ ಈ ಪರೀಕ್ಷೆಗೆ ಒತ್ತು ಕೊಡುತ್ತದೆ. ಆ ಮೇಲೆ ಬರಲಿ ಸಿ.ಟಿ. ಎಕ್ಸ್-ರೇಯಲ್ಲಿ ನೆರಳಿದ್ದು ಕಫದಲ್ಲಿ ರೋಗಾಣು ಸಿಗದ ಉಬ್ಬಸ ರೋಗಿಗಾದರೆ ಅದನ್ನು ಕ್ಷಯದ ಮಾತ್ರೆ ಆರಂಭಿಸುವ ಮೊದಲೇ ಮಾಡಿಸಿದರೆ ಲೇಸು. ಸ್ಕ್ಯಾನ್ ಆದ ಮೇಲೆ ವರದಿಯಲ್ಲಿ ನಾಳದ ಗೋಡೆ, ಬಿರಡೆಗಳ ಸಂಖ್ಯೆ, ಕಫದ ಸಾಂದ್ರತೆ ಈ ಮೂರರ ಬಗ್ಗೆ ಒಂದೊಂದು ವಾಕ್ಯವಾದರೂ ಇರಬೇಕೆಂದು ರೋಗಿಯ ಕಡೆಯವರು ಕೇಳಬಹುದು. ಅಕ್ಕನಿಗೆ ಸ್ಕ್ಯಾನ್ ಮಾಡಿದ ಕಡೆ ಕೊಟ್ಟ ಮುದ್ರಿತ ವರದಿಯಲ್ಲಿ ಬಿಳುಪಾದ ಕಫದ ಮಾತೇ ಇರಲಿಲ್ಲ. ಅದನ್ನು ಕಂಡದ್ದು ಫಿಲ್ಮನ್ನು ಕಿಟಕಿಗೆ ಹಿಡಿದ ವೈದ್ಯರ ಕಣ್ಣು.

ನಮ್ಮ ಮಗ್ಗುಲಿನ ವಿಟ್ಲದಲ್ಲಿ ಅಡಿಕೆಯ ಕಾಯಿಲೆಗಳನ್ನು ಅಭ್ಯಾಸ ಮಾಡುವ ಸರಕಾರಿ ಸಂಶೋಧನಾ ಕೇಂದ್ರ ದಶಕಗಳಿಂದ ಇದೆ. ಕೊಳೆರೋಗಕ್ಕೆ ಯಾವಾಗ ಮದ್ದು ಬಿಡಬೇಕು, ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂಬುದು ಇಲ್ಲಿನ ಶಾಲೆಯ ಹುಡುಗನಿಗೂ ಬಾಯಿಪಾಠ. ತೋಟದ ಮಾಲಿಕನ ಮತ್ತು ಅಡಿಕೆ ಸುಲಿಯುವ ಹೆಂಗಸರ ಎದೆಗೂ ಅಷ್ಟೇ ಆಸ್ಥೆಯ ಅಧ್ಯಯನವೊಂದು ಕರಾವಳಿಯ ವೈದ್ಯಕೀಯ ಕಾಲೇಜುಗಳಿಂದ ನಡೆಯಬೇಕು. ಕಾಲೇಜುಗಳಿಗೆ ನಮ್ಮಲ್ಲಿ ಬಡತನವಿಲ್ಲ, ಸ್ಕ್ಯಾನುಗಳಿಗೂ ಇಲ್ಲ. ಈಗಾಗಲೇ ತೆಗೆದು ಕಪಾಟಿನಲ್ಲಿಟ್ಟ ಉಬ್ಬಸ ರೋಗಿಗಳ ಸ್ಕ್ಯಾನುಗಳಲ್ಲಿ ಬಿರಡೆಗಳನ್ನು ಎಣಿಸುವುದರಿಂದಲೇ ಆರಂಭಿಸಬಹುದು. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ವಿಕಿರಣವೂ ಬೇಡ.

ಅಕ್ಕನಿಗೆ ಸ್ಟಿರಾಯ್ಡ್ ಮತ್ತು ಶಿಲೀಂಧ್ರದ ವಿರುದ್ಧದ ಮಾತ್ರೆಗಳು ತಿಂಗಳುಗಟ್ಟಲೆ ನಡೆದವು. ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಕಿರುಬೆರಳಿನ ಉಗುರಿನಷ್ಟು ಕಂದು ಚೂರು ಕೆಮ್ಮಿನಲ್ಲಿ ಹೊರಬಂತು. ಆಕೆ ಅದನ್ನು ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಲೆಂದು ಜೋಪಾನವಾಗಿ ಇಟ್ಟುಕೊಂಡಳು. ಹಿಗ್ಗಿದ ನಾಳಗಳು ಮೊದಲಿನಂತಾಗುವುದಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಎರಡು ವರ್ಷ ಮೊದಲೇ ಬಂದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನಾನು ಕೇಳಿದೆ, ಅವರು ಉತ್ತರಿಸಲಿಲ್ಲ. ಇನ್ನೊಂದು ಸ್ಕ್ಯಾನ್ ಬೇಡವೇ ಎಂದು ಕೇಳಿದ್ದಕ್ಕೆ, ರಕ್ತದಲ್ಲಿ ಐಜಿಇ ಇಳಿಯುತ್ತಿರುವಾಗ ಅದರ ಅಗತ್ಯವಿಲ್ಲವೆಂದರು. ಈಗ ಆಕೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಿ ಊದಿ ಬರುತ್ತಾಳೆ, ಬೆಳಗ್ಗೆ ಸಂಜೆ ಇನ್‌ಹೇಲರ್ ಸೇದುತ್ತಾಳೆ. ಹಟ್ಟಿಯ ಕೆಲಸವನ್ನು ಸೊಸೆಗೆ ಬಿಟ್ಟಿದ್ದಾಳೆ. ಗೊಬ್ಬರ ತೆಗೆಯುವ ದಿನ ಮಾತ್ರ, ಬೇಡವೆಂದರೂ ಕೇಳದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಯ ಬಳಿಗೆ ಹೋಗಿ ನಿಲ್ಲುತ್ತಾಳೆ. ಆ ವಿಷಯದಲ್ಲಿ ನನಗೂ ಆಕೆಗೂ ಇಂದಿಗೂ ಜಗಳವಿದೆ.